ಬೋರಮ್ಮ ಇಟ್ಟ ತಪ್ಪು ಕಾಣಿಕೆ

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಕೈಲಾಂಚದ ಕಡೆಯ ದೊಡ್ಡಲಕ್ಷ್ಮಮ್ಮ, ಹೋದ ಕಾರ್ತಿಕದಲ್ಲಿ, ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತ. ಅವರ ಕಿವಿಗೆ ಅದನ್ನು ಚೂರುಚೂರಾಗಿ ಹಾಕಿದವಳು ನೆರೆಮನೆಯ ಬೋರಮ್ಮ —

ಬಲಗಾಲಿನ ಮೇಲೆ ಏನೋ ತಣ್ಣಗೆ ತಾಕಿತು, ಬೋರಮ್ಮ ಬೆಚ್ಚಿ ನೋಡಿದಳು, ಕೈಯಲ್ಲಿದ್ದ ಲೋಟದಿಂದ ತುಳುಕಿದ ನೀರು ಅಷ್ಟೆ, ಯಾರು ಕೊಟ್ಟರೋ ಈ ಲೋಟವನ್ನು, ಜಗಲಿಯ ತುಂಬ ಜನ, ಅವಳು ರಾಮನಗರದ ಬಸ್ಸಿಳಿದು ಮನೆ ಮುಟ್ಟುವ ಮೊದಲೇ ನೆರೆದಿದ್ದಾರೆ, ಏನಾಯ್ತು ಬೋರಮ್ಮ, ಮೊಮ್ಮಗನ್ನ ಬುಟ್ರಾ, ಎಲ್ಲವ್ನೆ ಬಾಲರಾಜು — ಎಲ್ಲಿದ್ದಾನೆ, ಬೆಂಗಳೂರಿನ ದಾರಿಯಲ್ಲಿದ್ದಾನೆ, ಅಪ್ರಾಪ್ತರನ್ನು ಇಡುವ ವೀಕ್ಷಣಾಲಯಕ್ಕೆ ಹೋಗುವ ಜೀಪಿನ ಹಿಂದಿನ ಸೀಟಿನಲ್ಲಿ, ಅಪಘಾತದ ದಿನ ಬೈಕಿನ ಮೇಲೂ ಹಿಂದೆಯೇ ಕೂತಿದ್ದನಲ್ಲ, ನಾನು ಹಿಂದ್ಗಡೆ ಕುಂತಿದ್ದೆ ಕಣಜ್ಜಿ, ಗಾಡಿ ಓಡುಸ್ತಿದ್ದೋನು ಡೈರಿ ಸೆಕ್ರೆಟ್ರಿ ಮಗ, ದಾಸಪ್ಪಣ್ಣ ಹಾಲಿನ ಕ್ಯಾನ್ ಹಿಡ್ಕಂಡು ಅಡ್ಡ ಬಂದ್ಬುಟ್ರು, ಎಂದು ಅವಳ ಮಡಿಲಲ್ಲಿ ಮುಖವಿಟ್ಟು ಹೇಳಿದ್ದ, ಅವಳು ನಂಬಿದ್ದಳು, ಈಗಲೂ ನಂಬುತ್ತಾಳೆ, ಓಡಿಸಿದವನು ಓಡಿಹೋದ, ನಿಂತು ದಾಸಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವನು ಸಿಕ್ಕಿಬಿದ್ದ, ದಾಸಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ, ಊರಿನ ಸಿಟ್ಟು ಇಳಿಯುವವರೆಗೆ ಹುಡುಗ ವೀಕ್ಷಣಾಲಯದಲ್ಲೇ ಇರಲಿ ಎಂದರು, ಆಮೇಲೆ ಪ್ರತಿಮಾ ಮೇಡಂ ಬಂದರು, ಪರಿವೀಕ್ಷಣಾಧಿಕಾರಿಯಂತೆ, ಅಷ್ಟುದ್ದದ ಹೆಸರಿನ ಹೆಂಗಸು ಇದೇ ಜಗಲಿಯಲ್ಲಿ ಕೂತು ಹುಡುಗ ಏನು ತಿನ್ನುತ್ತಾನೆ, ಯಾರ ಜೊತೆ ಆಡುತ್ತಾನೆ, ತಾಯಿ ಸತ್ತಾಗ ಎಷ್ಟು ದೊಡ್ಡವನಿದ್ದ ಎಂದೆಲ್ಲ ಕೇಳಿದರು, ಹೋಗುವಾಗ ಕೈ ಹಿಡಿದು, ನನ್ನ ವರದಿ ಚೆನ್ನಾಗಿದೆ ಅಜ್ಜಿ, ಮುಂದಿನ ಸಲ ಮನೆಗೆ ಕಳಿಸ್ತಾರೆ, ನೀವು ಬಂದು ಸುಮ್ಮನೆ ಕೂತ್ರೆ ಸಾಕು, ಅಂದರು — ಸುಮ್ಮನೆ, ಸುಮ್ಮನೆ ಎಂದಿದ್ದರು.

ಕಟಕಟೇಲಿ ನಿಲ್ಸಿದ್ರಾ ಬೋರಕ್ಕ, ಅನಂತರಾಜು ಕೇಳುತ್ತಾನೆ, ಬೀಡಿ ಕಚ್ಚಿಕೊಂಡು, ಅವಳು ತಲೆಯಾಡಿಸುತ್ತಾಳೆ, ಕಟಕಟೆ ಇರಲಿಲ್ಲ, ಎತ್ತರದ ಪೀಠ ಇರಲಿಲ್ಲ, ಕಪ್ಪು ಕೋಟಿಲ್ಲ, ಪೊಲೀಸಿನವನೂ ಹೂವಿನ ಅಂಗಿ ತೊಟ್ಟಿದ್ದ, ಗುಂಡನೆಯ ಮೇಜು, ಸುತ್ತ ಕುರ್ಚಿ, ನಡುವೆ ನೂಲಿನ ಸೀರೆಯ ಮ್ಯಾಜಿಸ್ಟ್ರೇಟಮ್ಮ, ಅಕ್ಕಪಕ್ಕ ಸಮಾಜಸೇವೆಯವರೆಂದು ಇಬ್ಬರು ಸದಸ್ಯರು, ಬಾಲ ನ್ಯಾಯ ಮಂಡಳಿ ಎಂದರೆ ಇದೇ, ಮಕ್ಕಳು ಹೆದರಬಾರದೆಂದು ಹೀಗೆ, ಅಂದರು ಪ್ರತಿಮಾ ಮೇಡಂ, ಅದೇನ್ ಕೋರ್ಟಕ್ಕ, ಹೆಣ್ ನೋಡೋ ಶಾಸ್ತ್ರ ಇದ್ದಂಗೈತೆ, ಅನಂತರಾಜು ನಗುತ್ತಾನೆ, ಸುಮ್ಕಿರ್ಲಾ, ದೊಡ್ಡಲಕ್ಷ್ಮಮ್ಮ ಗದರುತ್ತಾಳೆ, ಆದರೆ ಅವನೆಂದದ್ದು ಸುಳ್ಳಲ್ಲ, ಬೋರಮ್ಮನಿಗೂ ಹಾಗೇ ಕಂಡಿತ್ತು, ಊಟ ಆಯ್ತೇನಪ್ಪ ಎಂದು ಮ್ಯಾಜಿಸ್ಟ್ರೇಟಮ್ಮ ಹುಡುಗನನ್ನು ಕೇಳಿದ ಗಳಿಗೆಯಲ್ಲೇ ಅವಳ ಎದೆಯ ಗಂಟು ಸಡಿಲವಾಗಿತ್ತು, ಕೋರ್ಟಲ್ಲ ಇದು, ನ್ಯಾಯಕಟ್ಟೆ, ಮನೆಯ ಹಿರಿಯರು ಕೂತು ಮುಗಿಸುವ ಮಾತು, ಬಾಲರಾಜು ಅವಳ ಮಗ್ಗುಲಲ್ಲೇ ಕೂತಿದ್ದ, ಬಡವಾಗಿದ್ದ, ಮೇಜಿನ ಕೆಳಗೆ ಅವನ ಬರಿಗಾಲು ಅವಳ ಕಾಲಿನ ಮೇಲೆ ಬಂದು ಕೂತಿತು, ಬೆಚ್ಚಗೆ, ಚಿಕ್ಕಂದಿನಲ್ಲಿ ಕಂಬಳಿಯೊಳಗೆ ಇಟ್ಟ ಹಾಗೆ.

ನ್ಯಾಯಕಟ್ಟೆ ಎಂದರೆ ಅವಳಿಗೆ ಗಂಡನ ನೆನಪು, ಹಸುವೊಂದು ಬೇರೆಯವರ ಹಿಪ್ಪುನೇರಳೆ ಮೇದ ನ್ಯಾಯ, ಮೇದದ್ದು ಅವರ ಹಸುವಲ್ಲ, ಅದು ಊರಿಗೇ ಗೊತ್ತು, ಆದರೂ ಅವನು ಟವೆಲ್ಲನ್ನು ಹೆಗಲಿನಿಂದ ಕಂಕುಳಿಗೆ ಇಳಿಸಿ ಎದ್ದು ನಿಂತು, ನಮ್ದೇ ತಪ್ಪಾಯ್ತು, ಹೊಟ್ಟೆಗಾಕ್ಕಳಿ, ಎಂದು ತಾಂಬೂಲದ ಜೊತೆ ತಪ್ಪು ಕಾಣಿಕೆ ಇಟ್ಟಿದ್ದ, ಅಲ್ಲಿಗೆ ಮುಗಿಯಿತು, ಮಾರನೆಯ ದಿನ ಆ ಮನೆಯವರೇ ಹಬ್ಬದೂಟಕ್ಕೆ ಕರೆದರು, ನಿಜ ಯಾವುದೆಂದು ಯಾರು ಕೇಳಿದರು, ತಲೆ ಬಾಗಿದವನನ್ನು ಕಟ್ಟೆ ಕೈಬಿಡುವುದಿಲ್ಲ, ಆ ಧೈರ್ಯವನ್ನೇ ಅವಳು ಇಂದು ಬೆಳಗ್ಗೆ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೊರಟಿದ್ದಳು, ವೀಳ್ಯದೆಲೆ, ಅಡಿಕೆ, ಕಾಣಿಕೆ, ಕಬ್ಬಾಳಮ್ಮನ ಮುಂದೆ ಇಟ್ಟು ತಂದದ್ದು, ಮ್ಯಾಜಿಸ್ಟ್ರೇಟಮ್ಮ, ನೀವೇನಾದ್ರೂ ಹೇಳ್ತೀರಾ ಅಜ್ಜಿ, ಎಂದಾಗ ಅವಳು ಗಂಟು ಬಿಚ್ಚಿದಳು, ಮೇಜಿನ ಕೆಳಗೆ ಆ ಕಾಲು ಒತ್ತಿತು, ಹೆಬ್ಬೆರಳು ಅವಳ ಕಾಲನ್ನು ಒತ್ತಿ ಹಿಡಿಯಿತು, ಪಾಪ, ಕೂಸು ಹೆದರಿದೆ ಎಂದುಕೊಂಡಳು, ಬೇಡ ಎನ್ನುತ್ತಿದೆ ಎಂದು ಹೊಳೆಯಲಿಲ್ಲ, ಎದ್ದು ನಿಂತು, ನಮ್ ಹುಡ್ಗನೇ ಗಾಡಿ ಓಡುಸ್ದೋನು ತಾಯಿ, ತಪ್ಪಾಯ್ತು, ನೀವು ದೊಡ್ಡೋರು, ಹೊಟ್ಟೆಗಾಕ್ಕಂಡು ಮನೆಗೆ ಕಳ್ಸಿ — ಮೇಜಿನ ಮೇಲೆ ಎಲೆ ಇಟ್ಟಳು.

ಯಾರೂ ಎಲೆ ಮುಟ್ಟಲಿಲ್ಲ, ಸದಸ್ಯರೊಬ್ಬರು ಮೆಲ್ಲಗೆ ಅದನ್ನು ಅವಳ ಕಡೆ ಸರಿಸಿದರು, ಸರ್ಕಾರ ಕೊಟ್ಟ ಎಳೆಯ ಲಾಯರ್ ತನ್ನ ಹಣೆ ಹಿಡಿದುಕೊಂಡ, ಪ್ರತಿಮಾ ಮೇಡಂ ಮುಖ ಬಿಳಿಚಿತು, ಮ್ಯಾಜಿಸ್ಟ್ರೇಟಮ್ಮ ಅದೇ ಮೆದು ದನಿಯಲ್ಲಿ ಹುಡುಗನ ಕಡೆ ತಿರುಗಿ, ಏನಪ್ಪ, ಹಿಂದೆ ಕೂತಿದ್ದೆ ಅಂತ ಹೇಳಿದ್ದೆಯಲ್ಲ, ಅಜ್ಜಿ ಹೇಳೋದು ನಿಜಾನಾ, ಹೆದರಬೇಡ, ಎಂದು ಕೇಳಿದರು, ಇಲ್ಲ ಅನ್ನು, ಇಲ್ಲ ಅನ್ನು ಕಂದ ಎಂದು ಈಗ ಜಗಲಿಯಲ್ಲಿ ಕೂತು ಅವಳ ತುಟಿ ಅಲುಗುತ್ತದೆ, ಅವನು ಅವಳನ್ನು ನೋಡಿದ, ಅಷ್ಟು ಜನರ ನಡುವೆ ಅಜ್ಜಿಯನ್ನು ಸುಳ್ಳಿಯಾಗಿಸಲಾರದೆ ತಲೆ ತಗ್ಗಿಸಿ, ಅಜ್ಜಿ ಹೇಳ್ದಂಗೆ, ಅಂದ, ಆ ಹೊತ್ತಿಗೆ ಕಾಲು ಅವಳ ಕಾಲಿನ ಮೇಲಿರಲಿಲ್ಲ, ಯಾವಾಗ ತೆಗೆದುಕೊಂಡನೋ, ಅಷ್ಟಗಲ ಜಾಗ ತಣ್ಣಗಾಗಿತ್ತು, ಆಮೇಲಿನದೆಲ್ಲ ದೂರದ ಮಾತು, ವರದಿ ಒಂದು ಹೇಳ್ತಿದೆ, ಮನೆಯವರು ಒಂದು ಹೇಳ್ತಿದಾರೆ, ಮತ್ತೆ ವಿಚಾರಿಸಬೇಕು, ಅಲ್ಲಿವರೆಗೆ ವೀಕ್ಷಣಾಲಯದಲ್ಲೇ ಇರಲಿ, ನಂದೇ ಸುಳ್ಳು ತಾಯಿ ಎಂದು ಅವಳು ಕೂಗುವಷ್ಟರಲ್ಲಿ ಒಳಗೆ ಬೇರೆ ಮಗುವಿನ ಹೆಸರು ಕರೆದಿದ್ದರು, ಹೊರಗೆ ಪ್ರತಿಮಾ ಮೇಡಂ, ಇವತ್ತು ಕಳಿಸೋರಿದ್ರು ಅಜ್ಜಿ, ನೋಡೋಣ, ಅಂದರು, ಬೈದಿದ್ದರೆ ಚೆನ್ನಾಗಿತ್ತು, ಯಾರೂ ಬೈಯಲಿಲ್ಲ.

ಒಸಿ ಬಾಯ್ ಬುಡು ಬೋರಮ್ಮ, ಯಾರೋ ಅನ್ನುತ್ತಾರೆ, ಅವಳು ಲೋಟ ಕೆಳಗಿಡುತ್ತಾಳೆ, ದಾಸಪ್ಪನ ಮನೆಯ ಕಡೆಯಿಂದ ಯಾರೂ ಬಂದಿಲ್ಲ, ಡೈರಿ ಸೆಕ್ರೆಟರಿ ಬಂದಿದ್ದಾನೆ, ಕಂಬದ ಮರೆಯಲ್ಲಿ ನಿಂತಿದ್ದಾನೆ, ಅವನೇ ಮೊದಲು ಹೊರಡುತ್ತಾನೆ, ಹಾಲು ಕರೆಯೋ ಹೊತ್ತಾಯ್ತು ಎಂದು ಹೆಂಗಸರು ಏಳುತ್ತಾರೆ, ಅನಂತರಾಜು ಬೀಡಿ ಹೊಸಕಿ ಚಪ್ಪಲಿ ಹುಡುಕುತ್ತಾನೆ, ಕೊನೆಗೆ ದೊಡ್ಡಲಕ್ಷ್ಮಮ್ಮನೂ, ಬತ್ತೀನಿ ಕಣಮ್ಮಿ, ಬಾಗ್ಲಾಕ್ಕೊ, ಎಂದು ಮನೆ ಕಡೆ ನಡೆಯುತ್ತಾಳೆ, ಜಗಲಿ ಬರಿದಾಗುತ್ತದೆ, ಬೋರಮ್ಮ ಎಡಗಾಲನ್ನು ಎತ್ತಿ ಬಲಗಾಲಿನ ಮೇಲೆ ಇಟ್ಟುಕೊಳ್ಳುತ್ತಾಳೆ, ಒತ್ತುತ್ತಾಳೆ, ಅಷ್ಟಗಲ ಜಾಗ, ಅದು ಬೆಚ್ಚಗಾಗುವುದಿಲ್ಲ, ಮೇಜಿನ ಕೆಳಗೆ ಒಂದು ಹೆಬ್ಬೆರಳು ಒತ್ತುತ್ತದೆ, ಒತ್ತುತ್ತದೆ, ಒತ್ತುತ್ತದೆ —