ನೆಲ ಮುಟ್ಟಿದ ಗಣೆ

ಎಪ್ಪತ್ತಾರನೆಯ ಇಸವಿಯ ಆ ಮಧ್ಯಾಹ್ನ, ರಾಮಗಿರಿಯ ಶಾಲೆಯ ಬಯಲಿನಲ್ಲಿ ಜನ ಮೂರು ಗಂಟೆಯಿಂದ ಕಾದು ಕೂತಿದ್ದರು. ದಾವಣಗೆರೆಯ ವಾದ್ಯವೃಂದ ಹತ್ತಿದ್ದ ರೈಲು ಇನ್ನೂ ಬಂದಿರಲಿಲ್ಲ. ನಿರೂಪಕ ಚಿತ್ರಲಿಂಗಪ್ಪ ಮೇಷ್ಟ್ರ ಮಾತಿನ ಬತ್ತಳಿಕೆ ಬರಿದಾಗಿತ್ತು. ಇಂದು ಸಭೆ ಎದ್ದುಹೋದರೆ ಈ ಸೀಮೆಯಲ್ಲಿ ಇನ್ನಾರೂ ತಮ್ಮ ಕೈಗೆ ಮೈಕು ಕೊಡುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು.

"ಮೇಷ್ಟ್ರೇ, ಇದೇ ಜೋಕು ಹೋದ ವರ್ಷ ಹೊಸದುರ್ಗದಾಗೂ ಹೇಳಿದ್ರಿ!" ಎಂದು ಜನರ ನಡುವಿನಿಂದ ಊರಿನ ಕಾಳಕ್ಕ ಕೂಗಿದಳು. ಜನ ಜೋಕಿಗಲ್ಲ, ಅವಳ ಮಾತಿಗೆ ನಕ್ಕರು.

ಮುಂದಿನ ಸಾಲಿನಲ್ಲಿ ಗೊಲ್ಲರಹಟ್ಟಿಯ ಮುದುಕ ಜುಂಜಯ್ಯ ಕೂತಿದ್ದ. ಮಡಿಲಲ್ಲಿ ಕಂಬಳಿ ಸುತ್ತಿದ ಗಣೆ, ಹಟ್ಟಿಯ ದೇವರ ಉದ್ದನೆಯ ಬಿದಿರ ಕೊಳಲು.

"ಅಜ್ಜಾ, ಬರ್ರಿ. ಒಂದೀಟು ಊದ್ರಿ," ಎಂದು ಮೇಷ್ಟ್ರು ಕರೆದರು.

ಜುಂಜಯ್ಯ ಮೆಟ್ಟು ಕಳಚಿದ. ವೇದಿಕೆ ಹತ್ತಲು ಕೈ ಬೇಕಾಗಿ, ಗಣೆಯನ್ನು ನಂಬಿ ಮೇಷ್ಟ್ರಿಗೆ ಕೊಟ್ಟ. ಮೈಕನ್ನು ಅಜ್ಜನ ಎತ್ತರಕ್ಕೆ ಇಳಿಸುವ ಆತುರದಲ್ಲಿ ಮೇಷ್ಟ್ರು ಗಣೆಯನ್ನು ತಮ್ಮ ಬೂಟಿನ ಪಕ್ಕ ನೆಲಕ್ಕೆ ಊರಿದರು.

ಹಟ್ಟಿಯವರ ನೇಮ ಮುರಿದಿತ್ತು. ಗಣೆ ನೆಲ ಮುಟ್ಟಕೂಡದು, ಮೆಟ್ಟಿದ ಕಾಲಿನ ಬಳಿ ಸುಳಿಯಲೂ ಕೂಡದು.

ಹಟ್ಟಿಯ ಯಜಮಾನ ಗೊಲ್ಲಪ್ಪ ಎದ್ದು ನಿಂತ. ಅವನ ಹಿಂದೆ ಕೋಲು ಹಿಡಿದ ನಲವತ್ತು ಜನ.

"ಏನ್ರಿ ಮೇಷ್ಟ್ರೇ, ಅದನ್ನೇನು ನಿಮ್ಮ ಕೊಡೆ ಅನ್ಕಂಡ್ರಾ?"

ಮೇಷ್ಟ್ರ ನಾಲಿಗೆಯ ತುದಿಗೆ ನಗೆಮಾತೊಂದು ತಾನಾಗಿ ಬಂದು ಕೂತಿತು. ಇಪ್ಪತ್ತು ವರ್ಷದ ಅಭ್ಯಾಸ. ನುಂಗಿಕೊಂಡರು. ಬೂಟು ಬಿಚ್ಚಿ, ಗಣೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. "ತಪ್ಪಾತು ಅಜ್ಜಾ. ಏನು ಮಾಡ್ಲಿ?"

"ನೀರು ತರ್ರಿ. ನೀವೇ ತರಬೇಕು."

ಗಣೆಯನ್ನು ಅಜ್ಜನಿಗೊಪ್ಪಿಸಿ, ಕಾದ ಮಣ್ಣಿನ ಮೇಲೆ ಬರಿಗಾಲಲ್ಲಿ, ಗೊಲ್ಲಪ್ಪನ ಎದುರೇ ಹಾದು, ಶಾಲೆಯ ಬಾವಿಯಿಂದ ನೀರು ಸೇದಿ ತಂದರು. ಯಾರೂ ತಡೆಯಲಿಲ್ಲ, ಯಾರೂ ಸರಿದು ದಾರಿ ಬಿಡಲೂ ಇಲ್ಲ. ಜುಂಜಯ್ಯ ಗಣೆ ತೊಳೆದು ಹಣೆಗೊತ್ತಿಕೊಂಡ. ಕಣ್ಣು ಮುಚ್ಚಿ ಊದತೊಡಗಿದ.

ಅಷ್ಟರಲ್ಲಿ ರೈಲು ಕೂಗಿತು. ತುಸು ಹೊತ್ತಿಗೆಲ್ಲ ವಾದ್ಯವೃಂದದ ಯಜಮಾನ ಓಬಳೇಶಪ್ಪ ಬೆವರೊರೆಸುತ್ತ ವೇದಿಕೆಗೇ ನುಗ್ಗಿದ. "ಸಾಕು ಮಾಡ್ಸ್ರಿ ಅದನ್ನ! ನಮ್ಮ ಹೆಸರು ಹೇಳ್ರಿ, ಆರಕ್ಕೆ ವಾಪಸ್ ಗಾಡಿ ಐತೆ."

ಗೊಲ್ಲಪ್ಪ ಇನ್ನೂ ನಿಂತೇ ಇದ್ದ, ಮೇಷ್ಟ್ರ ಬಾಯನ್ನೇ ನೋಡುತ್ತ.

ಮೇಷ್ಟ್ರು ಕಂಬದಿಂದ ಮೈಕು ಬಿಚ್ಚಿಕೊಂಡು, ಅಜ್ಜನ ಮುಂದೆ ಮಂಡಿಯೂರಿ, ಅದನ್ನು ಗಣೆಯ ಸಮೀಪ ಹಿಡಿದರು.

"ಅಜ್ಜ ಮುಗಿಸ್ಲಿ. ಕುಂತ್ಕಳ್ರಿ."

ಓಬಳೇಶಪ್ಪ ಕೂರಲಿಲ್ಲ. ಗೊಲ್ಲಪ್ಪ ಕೂತ.