ಜನರಿಗೆ ಅರ್ಥವಾಗಲಿಲ್ಲ

ಚುನಾವಣೆಯಲ್ಲಿ ಸೋತು ನಾಲ್ಕು ದಿನ ಕಳೆದಿರಲಿಲ್ಲ, ಅಭ್ಯರ್ಥಿ ಮೇಡಂ ಕಚೇರಿಯಿಂದ ಮತದಾರರಿಗೆ ಕೃತಜ್ಞತೆ ಹೇಳುವ ಕರಪತ್ರ ನಮ್ಮ ಪ್ರೆಸ್ಸಿಗೆ ಬಂತು. ತಂದವಳು ನನ್ನಕ್ಕ. ನಾನು ಅಲ್ಲಿ ಕರಡು ತಿದ್ದುವವಳು. ಹದಿನಾರು ವರ್ಷ ಕಂಡವರ ಕಾಗುಣಿತ ತಿದ್ದಿ ತಿದ್ದಿ ಕಣ್ಣು ಮಂಜಾಗಿದೆ, ಸಿಟ್ಟು ಮಾತ್ರ ಚುರುಕಾಗಿದೆ. ಎರಡನೆಯ ಸಾಲಿಗೇ ಪೆನ್ನು ನಿಂತಿತು. 'ನಮ್ಮ ಆರ್ಥಿಕ ಸಂದೇಶ ಜನರಿಗೆ ಅರ್ಥವಾಗಲಿಲ್ಲ.' ಕೆಳಗೆ, ನಮ್ಮ ಬೀದಿಯ ಪರವಾಗಿ ಎಂದು ಅಕ್ಕನ ಹೆಸರು.

ಅಕ್ಕ ನೂಲಿನ ಗಿರಣಿಯಲ್ಲಿ ದುಡಿಯುತ್ತಾಳೆ. ಗಿರಣಿ ಮುಚ್ಚುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗ ಗೇಟಿನ ಹತ್ತಿರ ಬಂದು ಮಾತಾಡಿಸಿದ್ದು ಈ ಮೇಡಂ ಒಬ್ಬರೇ. ಅಷ್ಟಕ್ಕೇ ಅಕ್ಕ ಕರಗಿಹೋದಳು. ಪಾಳಿ ಮುಗಿಸಿ ಬಂದು, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಮನೆಮನೆ ಸುತ್ತಿದಳು. ಇವರು ಗೆದ್ದರೆ ಗಿರಣಿ ಮುಚ್ಚಲು ಬಿಡುವುದಿಲ್ಲ ಎಂದು ಎಲ್ಲರಿಗೂ ಮಾತು ಕೊಟ್ಟಳು. ನಮ್ಮ ಬೀದಿಯಲ್ಲೇ ಮೇಡಂಗೆ ಎಲ್ಲಕ್ಕಿಂತ ಕಡಿಮೆ ಮತ ಬಿತ್ತು.

"ಇದನ್ನ ಹಂಚಿದ್ರೆ ನಾಳೆ ನಮ್ಮ ಬೀದೀಲಿ ತಲೆ ಎತ್ತಿ ಓಡಾಡ್ತೀಯಾ?" ಅಂದೆ.

"ಯಾಕೆ, ಸುಳ್ಳೇನಿದೆ ಅದ್ರಲ್ಲಿ? ಅರ್ಥ ಆಗಿದ್ರೆ ಓಟು ಹಾಕ್ತಿರ್ಲಿಲ್ವಾ?"

"ಅರ್ಥ ಆಗಿದ್ದಕ್ಕೇ ಹಾಕ್ಲಿಲ್ಲ, ಅಕ್ಕ. ನೀನು ಬಾಯಲ್ಲಿ ಹೇಳಿದ್ದೊಂದು, ಕೈಗೆ ಕೊಟ್ಟ ಪ್ರಣಾಳಿಕೇಲಿ ಇದ್ದಿದ್ದೊಂದು. ಓದೋಕೆ ಬರುತ್ತೆ ಅವರಿಗೆ."

"ಮೇಡಂ ಫೈನಾನ್ಸಿನೋರ ಜೊತೆ ಓಡಾಡ್ತಾರೆ ಅಂತ ಮತ್ತೆ ಶುರು ಮಾಡ್ಬೇಡ. ದುಡ್ಡಿನ ವಿಷಯ ಗೊತ್ತಿರೋರನ್ನ ಬಿಟ್ಟು ಇನ್ಯಾರನ್ನ ಕೇಳ್ಬೇಕು? ನಿನ್ನನ್ನಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಮೇಡಂ ಪ್ರಣಾಳಿಕೆಯೂ ನಮ್ಮಲ್ಲೇ ಅಚ್ಚಾಗಿತ್ತು; ಹಳೆಯ ಕರಡನ್ನು ನಾವು ಒಂದು ವರ್ಷ ಎಸೆಯುವುದಿಲ್ಲ. ಕಪಾಟು ತೆಗೆದು ಪ್ರಣಾಳಿಕೆಯ ಕರಡನ್ನು ಅವಳ ಮುಂದೆ ಹರಡಿದೆ. 'ಗಿರಣಿ ಮುಚ್ಚಲು ಬಿಡುವುದಿಲ್ಲ' ಎಂಬ ಸಾಲನ್ನು ಹಸಿರು ಶಾಯಿಯಲ್ಲಿ ಹೊಡೆದುಹಾಕಿದ್ದರು. ಅಂಚಿನಲ್ಲಿ ದುಂಡಗಿನ ಅಕ್ಷರ: 'ಮುಚ್ಚದಂತೆ ಪ್ರಯತ್ನಿಸುತ್ತೇವೆ.' ಕೆಳಗೆ ಒಂದು ಫೈನಾನ್ಸ್ ಕಂಪನಿಯ ಮೊಹರು. ಗಿರಣಿಯ ಜಾಗ ಕೊಳ್ಳಲು ಬಾಯಿ ತೆರೆದು ಕೂತಿರುವ ಕಂಪನಿಯೇ ಅದು. ಪಕ್ಕದಲ್ಲಿ, ಒಪ್ಪಿದೆ ಎಂದು ಮೇಡಂ ಸಹಿ.

"ನೋಡು. ಒಂದು ಕಾಮಾ ತೆಗೆಯೋಕೂ ನಾನು ಬರೆದವರ ಅಪ್ಪಣೆ ಕೇಳ್ತೀನಿ. ಇವರು ಇಡೀ ಮಾತನ್ನೇ ಕಂಪನಿಯವರ ಕೈಗೆ ಕೊಟ್ಟು ತಿದ್ದಿಸ್ಕೊಂಡು ಬಂದಿದ್ದಾರೆ. ಈಗ ಬೀದಿಯವರು ದಡ್ಡರಂತೆ."

ಅಕ್ಕ ಬೆರಳಿಟ್ಟು ಎರಡು ಸಲ ಓದಿದಳು. ಅವಳ ಮುಖ ಸಪ್ಪಗಾಯಿತು. ಗೆದ್ದೆ ಅನ್ನಿಸಿತು ನನಗೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಬೆರಳು ಪುಟದ ಮೇಲ್ತುದಿಗೆ ಹೋಯಿತು.

"ಇದು ನಿನ್ನ ಸಹಿ ಅಲ್ವಾ?"

"ಹೌದು. ಕರಡು ನೋಡಿದೋರು ಸಹಿ ಹಾಕ್ಬೇಕು."

"ತಾರೀಖು ಎರಡು ತಿಂಗಳ ಹಿಂದಿಂದು."

"ಪ್ರೆಸ್ಸಲ್ಲಿ ಓದಿದ್ದನ್ನ ಹೊರಗೆ ಹೇಳೋ ಹಾಗಿಲ್ಲ, ಅಕ್ಕ. ಕೆಲಸ ಹೋಗುತ್ತೆ."

"ದಿನಾ ಸಂಜೆ ನಿನ್ನ ಮನೇಲೇ ನೀರು ಕುಡಿದು ಮುಂದಿನ ಮನೆಗೆ ಹೋಗ್ತಿದ್ದೆ. ನನ್ನ ಬಾಯಿಂದ ಸುಳ್ಳು ಬರ್ತಿದೆ ಅಂತ ಗೊತ್ತಿದ್ದೂ ಲೋಟ ತುಂಬಿಸಿ ಕೊಟ್ಯಲ್ಲ."

ಅಕ್ಕ ಕರಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದಳು.

"ಆ ಮೇಡಂ ಮೋಸ ಮಾಡಿದ್ರು, ಸರಿ," ಅಂದಳು. "ಅವರು ನಂಗೇನೂ ಆಗ್ಬೇಕಾಗಿಲ್ಲ. ನೀನು ಒಡಹುಟ್ಟಿದೋಳು."