ಮಂಚದ ಕೆಳಗಿನ ಮೊಗೆಸಸಿ

ಬೆಳಿಗ್ಗೆ ಅನ್ನ ತುಂಬಿಕೊಂಡು ಕಾನಸೂರಿನ ಶಾಲೆಗೆ ಹೋಗುತ್ತಿದ್ದ ಸುಹಾಸ ಮಾಸ್ತರರ ಟಿಫಿನ್ ಡಬ್ಬಿ ಸಂಜೆ ಮಣ್ಣು ತುಂಬಿಕೊಂಡು ಶಿರಸಿಗೆ ಮರಳುತ್ತಿತ್ತು.

"ಉಣ್ಣೋ ಅನ್ನದ ಡಬ್ಬಿಗೇ ಮಣ್ಣು ಹಾಕ್ದೆ ಅಲ್ದಾ!" ಎಂದು ಹೆಂಡತಿ ಪರಿಮಳಾ ನಕ್ಕಳು.

"ಮತ್ತೆಂತ ಮಾಡವು ಮಾರಾಯ್ತಿ? ಚೀಲದಲ್ಲಿ ತಂದ್ರೆ ಪಾರ್ವತವ್ವ ಹಿಡೀತು."

ಪಾರ್ವತವ್ವ ಕೆಳಗೆ ವಾಸವಿದ್ದ ಮನೆಯೊಡತಿ, ಹಾವೇರಿ ಕಡೆಯವಳು. ಹಿಂದೆ ಇವರ ಮಹಡಿಯಲ್ಲಿ ಬಾಡಿಗೆಗಿದ್ದವರು ಹೂಕುಂಡ ಇಟ್ಟು, ಸೋರಿದ ನೀರಿನಲ್ಲಿ ಅವಳ ದೇವರ ತಲೆಯ ಮೇಲೆ ದಿನವೂ ಅಭಿಷೇಕ ಮಾಡಿಸಿದ್ದರು. ಅಂದಿನಿಂದ ಮಹಡಿಗೆ ಮಣ್ಣು ಹತ್ತಕೂಡದು. ತಾರಸಿಯ ಬಿಸಿಲೆಲ್ಲ ಅವಳ ಸಂಡಿಗೆಗೇ ಮೀಸಲು.

ಆದರೆ ಪರಿಮಳಾ ಸಸಿ ಎಬ್ಬಿಸಲೇಬೇಕಿತ್ತು. ಉಮ್ಮಚಗಿಯ ತವರಿನಲ್ಲಿ ಅಜ್ಜಿಯ ಕಾಲದಿಂದ ಬಂದ ಮೊಗೆಕಾಯಿ ಎಂಬ ಸಾಂಬಾರು ಸೌತೆಯ ಬೀಜವನ್ನು ಇಲಿ ತಿಂದು ಮುಗಿಸಿತ್ತು. ಬೀಜವನ್ನು ಸಗಣಿಯಲ್ಲಿ ಹುದುಗಿಸಿ ಗೋಡೆಗೆ ತಟ್ಟಿಡುವ ಬಿಲ್ಲೆಗಳಲ್ಲಿ ಉಳಿದದ್ದು, ಹೋದ ವರ್ಷ ಅವಳು ಶಿರಸಿಗೆ ತಂದಿದ್ದ ಒಂದೇ ಒಂದು. ಬೀಜವನ್ನೇ ವಾಪಸು ಕಳಿಸೋಣವೆಂದರೆ ಅಲ್ಲಿ ಇಲಿ ಕಾದು ಕೂತಿದೆ. ಸಸಿ ಮಾಡಿ, ಮಳೆಗೆ ಮುಂಚೆ ಹೆತ್ತ ಆಯಿಯ ಕೈಗೆ ಕೊಡಬೇಕು.

ಹಾಲಿನ ಖಾಲಿ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ಮೊಳಕೆ ಬಂದವು. ಅಡುಗೆಮನೆಯ ಕಿಟಕಿಯಲ್ಲಿ ಬೀಳುತ್ತಿದ್ದ ಬಿಸಿಲು ಮೊಣಕೈ ಉದ್ದದ್ದು. ಅದನ್ನೂ ಕಳೆದದ್ದು ಸುಹಾಸ. ಅವನ ಗಂಟಲಲ್ಲಿ ಯಾರ ದನಿಯಾದರೂ ಬಾಡಿಗೆಗೆ ಇರುತ್ತಿತ್ತು. ಮೆಟ್ಟಿಲ ಮೇಲೆ ನಿಂತು, "ಯಾರ್ರೀ ಅದು, ನನ್ನ ಮನ್ಯಾಗ ಮಣ್ಣು ತಂದವ್ರು?" ಎಂದು ಪಾರ್ವತವ್ವನಾಗುವನು. ಪರಿಮಳಾ ಬೆದರಿ ಕೊಟ್ಟೆಗಳನ್ನೆಲ್ಲ ಮಂಚದ ಕೆಳಗೆ ನೂಕುವಳು. ಅವನು ಹೊಟ್ಟೆ ಹಿಡಿದುಕೊಂಡು ನಗುವನು. ಕೊನೆಗೆ ಅವಳು ಅವನ್ನು ಹೊರಗೆ ತೆಗೆಯುವುದಕ್ಕೇ ಅಂಜಿದಳು. ಸಸಿಗಳು ಬೆಳಕು ಹುಡುಕುತ್ತ ನೂಲಿನಂತಾಗಿ ವಾಲಿದವು.

ಒಂದು ಬೆಳಿಗ್ಗೆ ಬಗ್ಗಿ ನೋಡಿದರೆ ಒಂದು ಸಸಿ ಮಲಗಿಯೇಬಿಟ್ಟಿತ್ತು. ಪರಿಮಳಾಳ ಕಣ್ಣು ತುಂಬುವ ಹೊತ್ತಿಗೆ ಬಾಗಿಲ ಹೊರಗೆ ಅದೇ ದನಿ:

"ಏನ್ ನಡಿಸೀರಿ ಒಳಗ? ಮಣ್ಣಿನ ವಾಸನಿ ಬರಾಕತ್ತೈತಿ!"

ಸಿಟ್ಟು ನೆತ್ತಿಗೇರಿತು. "ಹೌದು, ಮಣ್ಣು ಇದ್ದು! ಮಂಚದ ಕೆಳಗೇ ಇದ್ದು! ಬಾರೇ ಮುದುಕಿ, ಬಂದು ನೋಡು!"

ಬಚ್ಚಲ ಬಾಗಿಲು ತೆರೆಯಿತು. ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಸುಹಾಸ ನಿಂತಿದ್ದ.

ಹೊರಗಿನಿಂದ ಪಾರ್ವತವ್ವ ಒಳಗೆ ಬಂದಳು. ಕೈಯಲ್ಲಿದ್ದ ಸಂಡಿಗೆ ಡಬ್ಬಿ ಕೆಳಗಿಟ್ಟು, ಮೊಣಕಾಲೂರಿ, ಮಂಚದ ಕೆಳಗೆ ಇಣುಕಿದಳು.

"ಏನವ್ವಾ ಇವು?"

ಪರಿಮಳಾ ಅಳುತ್ತಲೇ ಇಲಿಯಿಂದ ಹಿಡಿದು ಎಲ್ಲವನ್ನೂ ಹೇಳಿದಳು.

"ತವರುಮನಿ ಬೀಜ ಮಂಚದ ಬುಡಕ ಇಡ್ತಾರೇನು? ಬಿಸಿಲು ಕಾಣ್ದ ಹೆಂಗ ಸೊರಗ್ಯಾವು ನೋಡು. ಏಳು, ನನ್ನ ದೊಡ್ಡ ತಾಟು, ಪರಾತದಾಗ ಜೋಡ್ಸು, ನೀರು ಕೆಳಗ ಇಳ್ಯೂದಿಲ್ಲ. ತಾರಸಿ ಮ್ಯಾಲ ಮದ್ಲ ನೆರಳಿಗಿಡು, ಆಮ್ಯಾಲ ಬಿಸ್ಲಿಗೆ." ಆಮೇಲೆ ಸುಹಾಸನತ್ತ ತಿರುಗಿ, "ಮಾಸ್ತರ್ರ, ಅಲ್ಲಿ ಮಂಗ್ಯಾ ಬರ್ತಾವು. ನನ್ನ ದನೀಲೇ ಓಡಸ್ರಿ. ನಿಮ್ಮ ದನಿಗೆ ಅವು ಅಂಜೂದಿಲ್ಲ."

ಸುಹಾಸ ನೊರೆ ನುಂಗಿದ.

ಮಳೆ ಹಿಡಿಯುವ ಮುಂಚೆ, ಚೇತರಿಸಿಕೊಂಡ ಸಸಿಗಳು ಅವನ ತೊಡೆಯ ಮೇಲೆ ಪರಾತದಲ್ಲಿ ಕೂತು ಯಲ್ಲಾಪುರದ ಬಸ್ಸಿನಲ್ಲಿ ತವರಿಗೆ ಹೋದವು. ಬಳ್ಳಿ ಹಬ್ಬಿತೆಂದು ಉಮ್ಮಚಗಿಯಿಂದ ಆಯಿ ಫೋನು ಮಾಡಿದಳು. ಒಂದು ಸಸಿ ಮಾತ್ರ ಪಾರ್ವತವ್ವನ ಹಳೇ ಬಕೆಟಿನಲ್ಲಿ ಉಳಿಯಿತು.

ಒಂದು ದಿನ ತಾರಸಿಯಿಂದ ಕೂಗು: "ಪರಿಮಳಾ, ಹೂ ಬಿಟ್ಟೈತಿ, ಬಾರವ್ವಾ!"

"ಸಾಕು ಮಾಡೋ ಮಾರಾಯಾ!"

"ಮಾಸ್ತರ್ರು ಆಗಳೇ ಸಾಲಿಗೆ ಹೋದ್ರು. ನಾನು, ಮುದುಕಿ!"